ಲ್ಯಾಬ್ ಇಲ್ಲದ ಶಾಲೆಯಲ್ಲಿ ಬೆರಳಚ್ಚು ಹಿಡಿಯೋದು ಹೇಗೆ?

ಎಂಟನೇ ಕ್ಲಾಸಿನ ಮಕ್ಕಳಿಗೆ ಬೆರಳಚ್ಚು, ಹೆಜ್ಜೆ ಗುರುತು ನೋಡಿ ಆಳನ್ನು ಪತ್ತೆ ಮಾಡುವ ಆಟ ಆಡಿಸಬೇಕು, ಲ್ಯಾಬ್ ಇಲ್ಲ, ದುಡ್ಡೂ ಇಲ್ಲ ಅಂದಿದ್ದೀರಿ. ಧಾರಾಳವಾಗಿ ಆಡಿಸಬಹುದು. ನಾನು ಹೈಸ್ಕೂಲ್ ವಿಜ್ಞಾನದ ಮೇಷ್ಟ್ರು, ಪ್ರತಿ ವರ್ಷ ಮಾಡಿಸುತ್ತೇನೆ.

ಪೆನ್ಸಿಲ್, ಬಿಳಿ ಹಾಳೆ, ಸೆಲೋಟೇಪ್, ಒಂದು ಗಾಜಿನ ಲೋಟ ಸಾಕು. ಹಾಳೆಯ ಮೇಲೆ ಪೆನ್ಸಿಲನ್ನು ಕಪ್ಪಗೆ ಗೀಚಿ, ಆ ಕಪ್ಪಿನ ಮೇಲೆ ಬೆರಳು ಉಜ್ಜಿ, ಬೆರಳಿಗೆ ಟೇಪ್ ಅಂಟಿಸಿ ಬಿಡಿಸಿ ಇನ್ನೊಂದು ಹಾಳೆಗೆ ಹಚ್ಚಿದರೆ ಒಂದೊಂದು ಗೆರೆಯೂ ಕಾಣುತ್ತದೆ. ಆಮೇಲೆ ಒಬ್ಬ 'ಕಳ್ಳ' ಲೋಟ ಮುಟ್ಟಲಿ. ಪೆನ್ಸಿಲ್ ಸೀಸದ ಪುಡಿಯನ್ನು ಮೆತ್ತನೆಯ ಬ್ರಷ್‌ನಲ್ಲಿ ಸವರಿ, ಆ ಗುರುತನ್ನೂ ಟೇಪಿನಲ್ಲಿ ಎತ್ತಿ.

ಮೊದಲ ವರ್ಷ ನಾನು ಬೇಸ್ತು ಬಿದ್ದಿದ್ದು ಇಲ್ಲೇ. ಯಾರ ಬೆರಳೂ ತಾಳೆಯಾಗಲಿಲ್ಲ! ಕೊನೆಗೆ ಒಬ್ಬ ಹುಡುಗಿ ಹಾಳೆಯನ್ನು ತಿರುವಿ ಕಿಟಕಿಗೆ ಹಿಡಿದಳು ನೋಡಿ, ತಕ್ಷಣ ಕಳ್ಳ ಸಿಕ್ಕಿಬಿದ್ದ. ಬೆರಳಿನಿಂದ ನೇರ ತೆಗೆದ ಟೇಪಿನಲ್ಲಿ ಬೆರಳು ಇದ್ದ ಹಾಗೇ ಕಾಣುತ್ತದೆ, ಲೋಟದ ಮೇಲೆ ಬೀಳುವುದು ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲು ಬದಲಾದ ಅಚ್ಚು. ಈಗ ನಾನು ಇದನ್ನು ಮೊದಲೇ ಹೇಳುವುದಿಲ್ಲ, ಸುಮ್ನೆ ಒದ್ದಾಡಲು ಬಿಡುತ್ತೇನೆ. ನಿಮಗೆ ಸಮಯ ಕಮ್ಮಿ ಇದ್ದರೆ ಸ್ಟ್ಯಾಂಪ್ ಪ್ಯಾಡ್ ಬಳಸಿ ಬೆರಳನ್ನು ಹಾಳೆಗೆ ಒತ್ತಿಸಿ, ಅದೂ ಲೋಟದ ಅಚ್ಚಿನ ಹಾಗೇ ಬೀಳುವುದರಿಂದ ಈ ತಾಪತ್ರಯ ಇರುವುದಿಲ್ಲ.

ಅಚ್ಚುಗಳನ್ನು ಕುಣಿಕೆ, ಸುರುಳಿ, ಕಮಾನು ಅಂತ ಮೂರು ಬಗೆ ಮಾಡಿಸಿ. ಗೆರೆಗಳು ಒಂದು ಬದಿಯಿಂದ ಬಂದು ಅದೇ ಬದಿಗೆ ತಿರುಗಿದರೆ ಕುಣಿಕೆ, ದುಂಡಗೆ ಸುತ್ತಿಕೊಂಡರೆ ಸುರುಳಿ, ಬಾಗಿ ಆಚೆ ಬದಿಗೆ ದಾಟಿದರೆ ಕಮಾನು. ಕುಣಿಕೆಯೇ ಜಾಸ್ತಿ, ಕಮಾನು ಬಲು ಅಪರೂಪ. ಹತ್ತು ಬೆರಳು, ಒಂದೊಂದರಲ್ಲೂ ಸುರುಳಿ ಇದೆಯೋ ಇಲ್ಲವೋ ಅಂತ ಲೆಕ್ಕ ಹಾಕಿದರೆ 1024 ಗುಂಪು ಆಗುತ್ತದೆ. 1897ರಲ್ಲಿ ಕಲ್ಕತ್ತಾದಲ್ಲಿ ಶುರುವಾದ ಬೆರಳಚ್ಚು ಬ್ಯೂರೋದ ವಿಂಗಡಣೆಗೆ ಬುನಾದಿ ಇದೇ. ಲೆಕ್ಕ ಕೂಡಿಸಿದವರು ಬಂಗಾಳ ಪೊಲೀಸಿನಲ್ಲಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಹೆಸರು ಮಾತ್ರ ಅವರ ಸಾಹೇಬ ಎಡ್ವರ್ಡ್ ಹೆನ್ರಿಯದು. ಇದನ್ನು ಹೇಳಿದರೆ ಮಕ್ಕಳಿಗೆ ಸಿಟ್ಟು ಬರುತ್ತದೆ, ಬರಲಿ ಬಿಡಿ.

ಹೆಜ್ಜೆ ಗುರುತಿಗೆ ಒದ್ದೆ ಮಣ್ಣು, ಪ್ಲಾಸ್ಟರ್ ಆಫ್ ಪ್ಯಾರಿಸ್. ಎರಡು ಪಾಲು ಪುಡಿಗೆ ಸುಮಾರು ಒಂದು ಪಾಲು ನೀರು ಕಲಸಿ, ಮಣ್ಣಿನಲ್ಲಿ ಮೂಡಿದ ಹೆಜ್ಜೆಯೊಳಗೆ ಸುರಿದು ಗಟ್ಟಿಯಾದ ಮೇಲೆ ಎತ್ತಿ. ಗಟ್ಟಿಯಾಗುವಾಗ ಚೆನ್ನಾಗಿ ಬಿಸಿಯಾಗುತ್ತದೆ, ಕೈ ಅದ್ದಲು ಬಿಡಬೇಡಿ. ಉಳಿದದ್ದನ್ನು ಸಿಂಕಿಗೂ ಸುರಿಯಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ. ಎಲ್ಲರದೂ ಅದೇ ಕರಿ ಯೂನಿಫಾರ್ಮ್ ಶೂ ಅಲ್ವಾ, ಅಚ್ಚು ಒಂದೇ ಥರ ಬರುತ್ತದೆ. ಹಾಗಾಗಿ ಹಿಮ್ಮಡಿ ಎಲ್ಲಿ ಸವೆದಿದೆ, ಅಟ್ಟೆಯಲ್ಲಿ ಎಲ್ಲಿ ಸೀಳಿದೆ ಅಂತ ಹುಡುಕಿಸಿ.

ಒಂದು ಮರೆಯಬೇಡಿ. ಆಧಾರ್, ರೇಷನ್ ಎಲ್ಲದಕ್ಕೂ ಹೆಬ್ಬೆಟ್ಟು ಒತ್ತುವ ಕಾಲ ಇದು. ಬೆರಳಚ್ಚಿನ ಹಾಳೆಗಳ ಫೋಟೋ ತೆಗೆದು ಗ್ರೂಪಿಗೆ ಹಾಕಬೇಡಿ, ಕ್ಲಾಸ್ ಮುಗಿದ ಮೇಲೆ ಅವರವರ ಹಾಳೆ ಅವರವರಿಗೇ ಕೊಟ್ಟುಬಿಡಿ.