ಆಟೋಬಾನ್ ನೋಡಿ ಸಂಪಾಜೆ ಘಾಟಿಯನ್ನು ಅಳೆಯಬೇಡಿ

ಆತ್ಮೀಯರೇ,

ಅಕ್ಟೋಬರ್‌ನಲ್ಲಿ ಕೆಲಸಕ್ಕೆಂದು ಜರ್ಮನಿಯ ಫ್ರೈಬರ್ಗ್‌ಗೆ ಬರಲಿರುವ ನೀವು ಬಾಡಿಗೆ ಮನೆ, ವಿಮೆ, ಭಾಷೆಗಳ ಬಗ್ಗೆ ಕೇಳಿದ್ದಕ್ಕೆಲ್ಲ ಹಿಂದೆಯೇ ಉತ್ತರಿಸಿದ್ದೇನೆ. ಕೊನೆಯಲ್ಲಿ ನೀವು ಕೇಳಿದ ಒಂದು ಪ್ರಶ್ನೆಗೆ ಮಾತ್ರ ಬಿಡುವು ಮಾಡಿಕೊಂಡು ಬರೆಯಬೇಕೆನಿಸಿತು. “ಜರ್ಮನಿಯ ಆಟೋಬಾನ್ ಹೆದ್ದಾರಿಯಲ್ಲಿ ವೇಗಕ್ಕೆ ಮಿತಿಯೇ ಇಲ್ಲ, ಆದರೂ ಅಲ್ಲಿ ಸಾಯುವವರು ಕಡಿಮೆ, ನಮ್ಮ ಕೊಡಗಿನಲ್ಲಿ ನಲವತ್ತು ಐವತ್ತರಲ್ಲಿ ಹೋಗುವ ಗಾಡಿಗಳೂ ಜನರ ಪ್ರಾಣ ತೆಗೆಯುತ್ತವೆ. ಹಾಗಾದರೆ ತಪ್ಪು ವೇಗದ್ದಲ್ಲ, ಸರಿಯಾಗಿ ಓಡಿಸಲು ಬಾರದವರದ್ದು ಎನ್ನಬೇಕಲ್ಲವೇ?” ಎಂದು ನೀವು ಬರೆದಿದ್ದೀರಿ. ಗೋಣಿಕೊಪ್ಪದ ಕಡೆಯ ತೋಟದಲ್ಲಿ ಜೀಪು ಓಡಿಸಿ ಬೆಳೆದ ನಿಮಗೆ ಹಾಗೆ ಅನ್ನಿಸುವುದು ಸಹಜ. ಮಳೆಗಾಲದ ಕೆಸರಿನಲ್ಲಿ, ಒಂದು ಬದಿ ಬರೆ ಮತ್ತೊಂದು ಬದಿ ಇಳಿಜಾರು ಇರುವ ದಾರಿಯಲ್ಲಿ ತುಂಬಿದ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋಗಬಲ್ಲವರು ಈ ದೇಶದಲ್ಲಿ ಹುಡುಕಿದರೂ ಹೆಚ್ಚು ಸಿಗುವುದಿಲ್ಲ. ಆದರೂ ನಿಮ್ಮ ತೀರ್ಮಾನವನ್ನು ನಾನು ಒಪ್ಪಲಾರೆ. ಅದೇ ತೀರ್ಮಾನವನ್ನು ತಲೆಯಲ್ಲಿಟ್ಟುಕೊಂಡು ನೀವು ಇಲ್ಲಿ ಸ್ಟೀರಿಂಗ್ ಹಿಡಿಯುವುದೂ ನನಗೆ ಇಷ್ಟವಿಲ್ಲ.

ಮೊದಲು ಆಟೋಬಾನ್ ವಿಷಯವನ್ನೇ ನೋಡೋಣ. ಮಿತಿ ಇಲ್ಲ ಎಂಬ ಮಾತು ಅರ್ಧ ಸತ್ಯ. ಎಷ್ಟೋ ಕಡೆ ಫಲಕ ಹಾಕಿ ಮಿತಿ ವಿಧಿಸಿದ್ದಾರೆ. ಉಳಿದೆಡೆ ಗಂಟೆಗೆ 130 ಕಿ.ಮೀ. ಮೀರದಿರುವುದು ಒಳ್ಳೆಯದೆಂಬ ಅಧಿಕೃತ ಸಲಹೆ 1970ರ ದಶಕದಿಂದಲೂ ಇದೆ. ಅದಕ್ಕಿಂತ ಮುಖ್ಯವಾದದ್ದು ಆ ರಸ್ತೆಯ ಸ್ವಭಾವ. ಎದುರಿನಿಂದ ಗಾಡಿ ಬರುವುದಿಲ್ಲ, ಅಡ್ಡರಸ್ತೆ ಸೇರುವುದಿಲ್ಲ, ಸಿಗ್ನಲ್ ಇಲ್ಲ, ಪಾದಚಾರಿಗಳಿಗೂ ಸೈಕಲ್ಲಿಗೂ ಪ್ರವೇಶವಿಲ್ಲ, ಅಂಚಿನಲ್ಲಿ ಮರದ ಬದಲು ಉಕ್ಕಿನ ತಡೆ ಇದೆ. ಚಾಲಕ ತಪ್ಪು ಮಾಡಿದರೂ ಅದು ಪ್ರಾಣಕ್ಕೆ ಎರವಾಗದಂತೆ ರಸ್ತೆಯನ್ನೇ ಕಟ್ಟಿರುವುದರಿಂದ, ದೇಶದ ವಾಹನ ಸಂಚಾರದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲನ್ನು ಹೊತ್ತರೂ ಆಟೋಬಾನ್‌ನಲ್ಲಿ ಆಗುವ ಸಾವುಗಳು ಒಟ್ಟು ರಸ್ತೆ ಸಾವುಗಳ ಹತ್ತನೇ ಒಂದು ಪಾಲಿನ ಆಸುಪಾಸಿನಲ್ಲಿವೆ. ಅಲ್ಲಿಯೂ ವೇಗ ತನ್ನ ಬೆಲೆಯನ್ನು ವಸೂಲು ಮಾಡದೆ ಬಿಡುವುದಿಲ್ಲ. ಬ್ರಾಂಡೆನ್‌ಬುರ್ಗ್ ರಾಜ್ಯದ ಎ24 ಹೆದ್ದಾರಿಯ ಒಂದು ಉದ್ದನೆಯ ಭಾಗಕ್ಕೆ 2002ರ ಕೊನೆಯಲ್ಲಿ 130ರ ಮಿತಿ ಹಾಕಿದ ಮೇಲೆ ಅಪಘಾತಗಳು ಸುಮಾರು ಅರ್ಧಕ್ಕೆ ಇಳಿದವು.

ಜರ್ಮನಿಯಲ್ಲಿ ಜನ ಹೆಚ್ಚಾಗಿ ಸಾಯುವುದು ಊರಿಂದೂರಿಗೆ ಹೋಗುವ ಸಾಮಾನ್ಯ ರಸ್ತೆಗಳಲ್ಲಿ. ಇವನ್ನು ಇಲ್ಲಿ ಲಾಂಡ್‌ಷ್ಟ್ರಾಸೆ ಎನ್ನುತ್ತಾರೆ. ದೇಶದ ರಸ್ತೆ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವುಗಳ ಮೇಲೆಯೇ ಆಗುತ್ತವೆ. ನಡುವೆ ವಿಭಜಕವಿಲ್ಲ, ಎದುರಿನಿಂದ ಗಾಡಿ ಬರುತ್ತದೆ, ಅಂಚಿನಲ್ಲೇ ಮರಗಳಿವೆ, ತಿರುವಿನಾಚೆ ಏನಿದೆಯೆಂದು ಕಾಣುವುದಿಲ್ಲ. ಸುಂಟಿಕೊಪ್ಪದಿಂದ ಮಡಿಕೇರಿಗೆ, ಸಿದ್ದಾಪುರದಿಂದ ವಿರಾಜಪೇಟೆಗೆ, ಅಲ್ಲಿಂದ ಮಾಕುಟ್ಟ ಘಾಟಿ ಇಳಿದು ಕೇರಳಕ್ಕೆ ಹೋಗುವ ದಾರಿಗಳನ್ನು ನೀವು ಹೋಲಿಸಬೇಕಾದದ್ದು ಇಂಥ ರಸ್ತೆಗಳ ಜೊತೆಗೆ. ಹಾಗೆ ಹೋಲಿಸಿ ನೋಡಿದರೆ ಜರ್ಮನಿ ನಿಮ್ಮ ವಾದಕ್ಕೆ ಸಾಕ್ಷಿ ಹೇಳುವುದಿಲ್ಲ.

ಈಗ ಮೂಲ ಪ್ರಶ್ನೆ: ವೇಗವೋ, ಕೆಟ್ಟ ಚಾಲನೆಯೋ? ಇಲ್ಲಿನ ಪೊಲೀಸರು ಗಾಯವಾದ ಪ್ರತಿ ಅಪಘಾತದಲ್ಲಿಯೂ ಚಾಲಕ ಮಾಡಿದ ತಪ್ಪು ಯಾವುದೆಂದು ಬಿಡಿಬಿಡಿಯಾಗಿ ದಾಖಲಿಸುತ್ತಾರೆ. ತಿರುಗುವಾಗ ಅಥವಾ ಹಿಂದಕ್ಕೆ ತೆಗೆಯುವಾಗ ಗಮನಿಸದಿದ್ದದ್ದು, ದಾರಿ ಬಿಡಬೇಕಾದಲ್ಲಿ ಬಿಡದಿದ್ದದ್ದು, ಮುಂದಿನ ಗಾಡಿಗೆ ತೀರ ಅಂಟಿಕೊಂಡು ಹೋದದ್ದು, ಇವೇ ಪಟ್ಟಿಯ ಮೇಲ್ಭಾಗದಲ್ಲಿರುತ್ತವೆ. ಸನ್ನಿವೇಶಕ್ಕೆ ತಕ್ಕದ್ದಲ್ಲದ ವೇಗ ಎಂಬುದು ಚಾಲಕರ ತಪ್ಪುಗಳಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಇಲ್ಲಿಗೆ ನಿಲ್ಲಿಸಿದರೆ ಗೆಲುವು ನಿಮ್ಮದೇ. ಆದರೆ ಸತ್ತವರ ಲೆಕ್ಕವನ್ನು ತೆರೆದು ನೋಡಿದರೆ, ಸುಮಾರು ಮೂರರಲ್ಲಿ ಒಂದು ಸಾವು ಇದೇ ವೇಗದ ತಪ್ಪಿರುವ ಅಪಘಾತಗಳಲ್ಲಿ ಆಗಿದೆ. ಅಂದರೆ ಅಪಘಾತಗಳನ್ನು ಹೆಚ್ಚಾಗಿ ಹುಟ್ಟಿಸುವುದು ಕೆಟ್ಟ ಚಾಲನೆ. ಆ ಅಪಘಾತ ಬಾಗಿಲು ನಜ್ಜಾಗುವುದರಲ್ಲಿ ಮುಗಿಯಬೇಕೋ ಮನೆಯಲ್ಲಿ ತಿಥಿಯೂಟವಾಗುವಷ್ಟು ಮುಂದುವರಿಯಬೇಕೋ ಎಂಬುದನ್ನು ನಿರ್ಧರಿಸುವುದು ಹೆಚ್ಚಾಗಿ ವೇಗ. ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಪ್ರಾಣಾಂತಿಕ ಅಪಘಾತದ ಅಪಾಯ ಸುಮಾರು ಶೇ. 4ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ನಮ್ಮ ದೇಶದ ಅಂಕಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡುವಾಗ ಎಚ್ಚರ ಬೇಕು. ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದಲ್ಲಿ 1,68,491 ಜನ ರಸ್ತೆಯಲ್ಲಿ ಪ್ರಾಣ ಕಳೆದುಕೊಂಡರು, ಅವರಲ್ಲಿ ಶೇ. 71.2ರಷ್ಟು ಸಾವುಗಳಿಗೆ ಅತಿವೇಗವೇ ಕಾರಣವೆಂದು ದಾಖಲಾಗಿದೆ. ಈ ಸಂಖ್ಯೆಯನ್ನು ನಾನು ಹಾಗೆಯೇ ಒಪ್ಪುವುದಿಲ್ಲ. ನಮ್ಮ ಪ್ರಥಮ ವರ್ತಮಾನ ವರದಿಗಳಲ್ಲಿ “ಅತಿವೇಗ ಮತ್ತು ಅಜಾಗರೂಕತೆಯಿಂದ ವಾಹನ ಚಲಾಯಿಸಿ” ಎಂಬ ಸಾಲು ಒಂದೇ ಉಸಿರಿನಲ್ಲಿ ಬಂದುಬಿಡುತ್ತದೆ. ತಿರುವಿನಲ್ಲಿ ಓವರ್‌ಟೇಕ್ ಮಾಡಲು ಹೋಗಿ ಎದುರಿನ ಬಸ್ಸಿಗೆ ಗುದ್ದಿದವನೂ, ನಿದ್ದೆಗಣ್ಣಿನಲ್ಲಿ ಚರಂಡಿಗೆ ಇಳಿದವನೂ ಅದೇ ಸಾಲಿನೊಳಗೆ ಸೇರಿಹೋಗುತ್ತಾರೆ. ಹಾಗಾಗಿ ನಮ್ಮಲ್ಲಿ ವೇಗದ ಪಾಲು ನಿಜವಾಗಿ ಎಷ್ಟೆಂಬುದನ್ನು ಆ ಸಂಖ್ಯೆಯಿಂದ ಬೇರ್ಪಡಿಸಿ ತೆಗೆಯುವುದು ಕಷ್ಟ. ಆದರೆ ಅದೇ ವರದಿ ಇನ್ನೊಂದು ಸಂಗತಿಯನ್ನು ಹೇಳುತ್ತದೆ. ಆ ವರ್ಷ ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ, ಸೀಟ್ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ. ಇದು ನಿಮ್ಮ ಎರಡು ಕಾರಣಗಳಲ್ಲಿ ಯಾವುದಕ್ಕೂ ಸೇರದ ಲೆಕ್ಕ. ಗಾಡಿ ಗುದ್ದಿದ್ದು ಯಾರ ತಪ್ಪಿನಿಂದಲೇ ಆಗಿರಲಿ, ಜೀವ ಉಳಿಯುವುದು ಬೇರೆ ಸಂಗತಿಗಳನ್ನೂ ಅವಲಂಬಿಸಿದೆ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಬಂದ ಮೇಲೂ ತಲೆಗೆ ಬಲವಾಗಿ ಪೆಟ್ಟು ಬಿದ್ದವರನ್ನು ಮೈಸೂರಿಗೋ ಮಂಗಳೂರಿಗೋ ಕರೆದೊಯ್ಯಬೇಕಾಗಿ ಬರುವುದನ್ನೂ, ತುರ್ತು ಚಿಕಿತ್ಸೆಯ ದೊಡ್ಡ ಆಸ್ಪತ್ರೆ ಬೇಕೆಂದು 2019ರಲ್ಲಿ ಕೊಡಗಿನ ಜನ ಒಟ್ಟಾಗಿ ಕೂಗೆತ್ತಿದ್ದನ್ನೂ ನೀವು ಬಲ್ಲಿರಿ. ಆ ಕೂಗು ಇನ್ನೂ ನ್ಯಾಯವಾದದ್ದೆಂದೇ ನಾನು ನಂಬಿದ್ದೇನೆ.

ವೇಗ ಎಂದಾಗ ನಿಮ್ಮ ಮನಸ್ಸಿಗೆ ಬರುವುದು ನೂರು, ನೂರಿಪ್ಪತ್ತರ ಸಂಖ್ಯೆಗಳು. ನಮ್ಮ ವಾದ ದಾರಿ ತಪ್ಪುವುದು ಅಲ್ಲೇ. ಇಲ್ಲಿನ ಡ್ರೈವಿಂಗ್ ಶಾಲೆಗಳಲ್ಲಿ ಎಲ್ಲರಿಗೂ ಬಾಯಿಪಾಠ ಮಾಡಿಸುವ ಒಂದು ಸುಲಭ ಲೆಕ್ಕವಿದೆ. ವೇಗವನ್ನು ಹತ್ತರಿಂದ ಭಾಗಿಸಿ ಮೂರರಿಂದ ಗುಣಿಸಿದರೆ, ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಗಾಡಿ ಸಾಗುವ ದೂರ ಮೀಟರ್‌ಗಳಲ್ಲಿ ಸಿಗುತ್ತದೆ. ಹತ್ತರಿಂದ ಭಾಗಿಸಿ ಬಂದದ್ದನ್ನು ಅದರಿಂದಲೇ ಗುಣಿಸಿದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ಸಿಗುತ್ತದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ 15 ಮತ್ತು 25 ಸೇರಿ 40 ಮೀಟರ್. 60ರಲ್ಲಿ 18 ಮತ್ತು 36 ಸೇರಿ 54 ಮೀಟರ್. ಬರೀ ಹದಿನಾಲ್ಕು ಮೀಟರ್ ತಾನೇ ಎನ್ನಬೇಡಿ. 50ರಲ್ಲಿ ಬಂದ ಗಾಡಿ ಪೂರ್ತಿ ನಿಂತುಬಿಡುವ ಜಾಗವನ್ನು 60ರಲ್ಲಿ ಬಂದ ಗಾಡಿ ಇನ್ನೂ ಸುಮಾರು 37 ಕಿ.ಮೀ. ವೇಗದಲ್ಲಿ ದಾಟುತ್ತದೆ. ಅಲ್ಲಿ ಶಾಲೆಯಿಂದ ಮರಳುವ ಮಗು ನಿಂತಿದ್ದರೆ ಏನಾಗುತ್ತದೆಂದು ವಿವರಿಸುವುದು ಬೇಡ. ಚಾಲಕರಿಬ್ಬರ ಕೈಚಳಕ ಒಂದೇ, ಗಮನ ಒಂದೇ. ಬೇರೆಯಾದದ್ದು ಹತ್ತು ಕಿಲೋಮೀಟರ್ ಮಾತ್ರ. ಇದು ಒಣ ರಸ್ತೆಯ ಲೆಕ್ಕ. ಜುಲೈ ತಿಂಗಳಲ್ಲಿ ಮಡಿಕೇರಿಯ ರಸ್ತೆಗಳು ಎಂದು ಒಣಗಿದ್ದವು?

ಜರ್ಮನಿಯ ಸಂಚಾರ ನಿಯಮಾವಳಿಯ ಮೂರನೆಯ ವಿಧಿಯಲ್ಲಿ ಒಂದು ನಿಯಮವಿದೆ. ನನ್ನ ದೃಷ್ಟಿಯಲ್ಲಿ ಕೊಡಗಿನವರು ಈ ದೇಶದಿಂದ ಕಲಿಯಬೇಕಾದ ಚಾಲನಾ ಪಾಠಗಳಲ್ಲಿ ಅದೇ ಮೊದಲನೆಯದು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಸಾಧ್ಯವಾಗುವಷ್ಟೇ ವೇಗದಲ್ಲಿ ಹೋಗಬೇಕು. ಎದುರಿನಿಂದ ಬರುವವರಿಗೆ ಅಪಾಯವಾಗುವಷ್ಟು ರಸ್ತೆ ಕಿರಿದಾಗಿದ್ದರೆ ಕಾಣುವ ದೂರದ ಅರ್ಧದೊಳಗೆ ನಿಲ್ಲಿಸಲು ಸಾಧ್ಯವಾಗಬೇಕು. ಅರ್ಧ ಏಕೆಂದರೆ ಉಳಿದ ಅರ್ಧ ಎದುರಿನವರಿಗೆ ಬೇಕು. ಮಂಜು, ಮಳೆ ಅಥವಾ ಹಿಮದಿಂದ 50 ಮೀಟರ್‌ಗಿಂತ ಆಚೆ ಕಾಣದಿದ್ದರೆ, ಫಲಕದಲ್ಲಿ ಏನೇ ಬರೆದಿರಲಿ, 50 ಕಿ.ಮೀ. ಮೀರುವಂತಿಲ್ಲ. ಈ ನಿಯಮವನ್ನು ನಮ್ಮೂರಿಗೆ ತಂದು ನೋಡಿ. ತೋಟಗಳ ನಡುವಿನ ಕಿರಿದಾದ ರಸ್ತೆಯ ತಿರುವಿನಲ್ಲಿ 40 ಮೀಟರ್ ಕಾಣುತ್ತದೆ ಎಂದುಕೊಳ್ಳೋಣ. ಅರ್ಧವೆಂದರೆ 20 ಮೀಟರ್. ಮೇಲಿನ ಲೆಕ್ಕದಲ್ಲಿ 18 ಮೀಟರ್‌ನಲ್ಲಿ ನಿಲ್ಲುವುದು 30 ಕಿ.ಮೀ. ವೇಗದ ಗಾಡಿ. ಅದಕ್ಕಿಂತ ಹೆಚ್ಚು ವೇಗದಲ್ಲಿ ಆ ತಿರುವಿಗೆ ನುಗ್ಗುವವನು, ಎಷ್ಟೇ ನುರಿತ ಚಾಲಕನಾದರೂ, ಎದುರಿನಿಂದ ಮರದ ಲಾರಿಯಾಗಲಿ, ಕಾಫಿ ಕೊಯ್ಲಿನ ಕಾರ್ಮಿಕರನ್ನು ತುಂಬಿಕೊಂಡ ಪಿಕಪ್ ಆಗಲಿ, ರಸ್ತೆ ದಾಟುತ್ತಿರುವ ಆನೆಯಾಗಲಿ ಇಲ್ಲವೆಂಬ ನಂಬಿಕೆಯ ಮೇಲೆ ಇನ್ನೊಬ್ಬರ ಜೀವವನ್ನು ಪಣಕ್ಕಿಟ್ಟು ಹೋಗುತ್ತಿರುತ್ತಾನೆ. ನಲವತ್ತು ಐವತ್ತರ ಗಾಡಿಯೂ ಕೊಲ್ಲುತ್ತದೆ ಎಂದಿರಲ್ಲ, ಆ ಜಾಗಕ್ಕೆ ನಲವತ್ತೈದು ಎಂಬುದೇ ಅತಿವೇಗ. ಜಾಗಕ್ಕೆ ತಕ್ಕ ವೇಗವನ್ನು ಆರಿಸಿಕೊಳ್ಳಲು ಬಾರದಿರುವುದಕ್ಕಿಂತ ಕೆಟ್ಟ ಚಾಲನೆ ಬೇರೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದಲೇ ನೀವು ಎರಡಾಗಿ ಕತ್ತರಿಸಿದ ಪ್ರಶ್ನೆಯನ್ನು ನಾನು ಒಂದಾಗಿಯೇ ಹಿಡಿದಿದ್ದೇನೆ.

ಇವರು ಹುಟ್ಟಿನಿಂದಲೇ ಶಿಸ್ತಿನ ಜನ, ನಮಗೆ ಅದು ಸಾಧ್ಯವಿಲ್ಲ ಎಂದು ಕೆಲವರು ಹೇಳುತ್ತಾರೆ. ಆ ಮಾತು ಕೇಳಿದಾಗ ನನಗೆ ಬೇಸರವಾಗುತ್ತದೆ. 1970ರಲ್ಲಿ ಪೂರ್ವ ಮತ್ತು ಪಶ್ಚಿಮ ಜರ್ಮನಿಗಳೆರಡರಲ್ಲೂ ಸೇರಿ 21,000ಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸತ್ತಿದ್ದರು. 2023ರಲ್ಲಿ, ಅಂದಿಗಿಂತ ಎಷ್ಟೋ ಪಟ್ಟು ಹೆಚ್ಚು ವಾಹನಗಳಿರುವಾಗ, ಸತ್ತವರು 2,839. ನಡುವೆ ಪಶ್ಚಿಮ ಜರ್ಮನಿ 1972ರಲ್ಲಿ ಊರ ಹೊರಗಿನ ಸಾಮಾನ್ಯ ರಸ್ತೆಗಳಿಗೆ 100 ಕಿ.ಮೀ. ಮಿತಿ ತಂದಿತು, ಮರುವರ್ಷ ಕುಡಿದು ಓಡಿಸುವವರಿಗೆ ರಕ್ತದ ಮದ್ಯಾಂಶದ ಮಿತಿಯನ್ನು ಬಿಗಿ ಮಾಡಿತು, 1976ರಲ್ಲಿ ಸೀಟ್ ಬೆಲ್ಟ್ ಕಡ್ಡಾಯ ಮಾಡಿತು. ಕಡ್ಡಾಯವೆಂದರೂ ಜನ ಹಾಕಲಿಲ್ಲ. 1984ರಲ್ಲಿ ದಂಡ ವಿಧಿಸತೊಡಗಿದ ಮೇಲೆಯೇ ಬಹುತೇಕ ಎಲ್ಲರೂ ಬೆಲ್ಟ್ ಕಟ್ಟಿಕೊಂಡದ್ದು. ಶಿಸ್ತು ಇವರ ರಕ್ತದಲ್ಲಿ ಬಂದದ್ದಲ್ಲ, ತಪ್ಪಿಗೆ ತಪ್ಪದೆ ಬೆಲೆ ತೆರಬೇಕಾದದ್ದರಿಂದ ಬಂದದ್ದು. ಇಂದಿಗೂ ಊರೊಳಗೆ ಮಿತಿಗಿಂತ 31 ಕಿ.ಮೀ. ಹೆಚ್ಚು ವೇಗದಲ್ಲಿ ಸಿಕ್ಕಿಬಿದ್ದರೆ 260 ಯೂರೋ ದಂಡದ ಜೊತೆಗೆ ಒಂದು ತಿಂಗಳು ಗಾಡಿ ಮುಟ್ಟುವಂತಿಲ್ಲ. ಯಾರ ಪರಿಚಯ ಹೇಳಿದರೂ ನಡೆಯುವುದಿಲ್ಲ.

ನಿಮಗೆ ತಕ್ಷಣ ಉಪಯೋಗಕ್ಕೆ ಬರುವ ಮಾತುಗಳನ್ನೂ ಹೇಳಿಬಿಡುತ್ತೇನೆ. ಇಲ್ಲಿ ನೆಲೆಸಿದ ದಿನದಿಂದ ಆರು ತಿಂಗಳು ಭಾರತದ ಲೈಸೆನ್ಸಿನ ಮೇಲೆ ಓಡಿಸಬಹುದು, ಅದರ ಅನುವಾದ ಜೊತೆಗಿರಬೇಕು. ಆಮೇಲೆ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆಗಳೆರಡನ್ನೂ ಪಾಸು ಮಾಡಲೇಬೇಕು. ಈಗಾಗಲೇ ಲೈಸೆನ್ಸ್ ಇರುವವರಿಗೆ ಇಷ್ಟೇ ತರಗತಿ ಎಂಬ ಕಡ್ಡಾಯವಿಲ್ಲ. ಆದರೂ ಕೆಲವು ತರಗತಿ ತೆಗೆದುಕೊಳ್ಳಿ, ಅದಕ್ಕೆ ಖರ್ಚಾಗುವ ಹಣ ವ್ಯರ್ಥವಲ್ಲ. ಲಿಖಿತ ಪರೀಕ್ಷೆ ಇಂಗ್ಲಿಷಿನಲ್ಲಿಯೂ ಇದೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ನಿಮ್ಮ ಕ್ಲಚ್ ಹಿಡಿತವನ್ನು ಯಾರೂ ಪ್ರಶ್ನಿಸುವುದಿಲ್ಲ. ಅವರು ನೋಡುವುದು ಲೇನ್ ಬದಲಿಸುವ ಮೊದಲು ಭುಜದ ಮೇಲಿಂದ ಹಿಂದಿರುಗಿ ನೋಡಿದಿರಾ, ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವರಿಗೆ ದಾರಿ ಬಿಟ್ಟಿರಾ, 30ರ ವಲಯದಲ್ಲಿ 30ರಲ್ಲೇ ಇದ್ದಿರಾ ಎಂಬುದನ್ನು. ಕಾರಣವಿಲ್ಲದೆ ತೀರ ನಿಧಾನವಾಗಿ ಹೋದರೂ ಅದನ್ನು ತಪ್ಪೆಂದೇ ಎಣಿಸುತ್ತಾರೆ. ನಮ್ಮೂರಿನ ಅನುಭವಸ್ಥ ಚಾಲಕರು ಇಲ್ಲಿ ಮೊದಲ ಸಲ ಫೇಲಾಗುವುದು ಬಹುಪಾಲು ಇಂಥ ಅಭ್ಯಾಸಗಳ ಕಾರಣದಿಂದ, ಮತ್ತು ಹಾರ್ನ್ ಹೊಡೆದರೆ ದಾರಿ ತಾನಾಗಿ ಬಿಡುತ್ತದೆಂಬ ಹಳೆಯ ನಂಬಿಕೆಯಿಂದ.

ನೀವು ಬರುವ ಹೊತ್ತಿಗೆ ಚಳಿಗಾಲ ಹತ್ತಿರವಿರುತ್ತದೆ. ಕಾರು ಕೊಂಡರೆ ಚಳಿಗಾಲದ ಟಯರ್ ಹಾಕಿಸದೆ ಫ್ರೈಬರ್ಗ್‌ನಿಂದ ಹ್ಯೋಲೆಂಟಾಲ್ ಕಣಿವೆ ಹತ್ತಿ ಟಿಟಿಸೇ ಕಡೆಗೆ ಹೋಗಬೇಡಿ. ರಸ್ತೆಯ ಮೇಲೆ ಹಿಮ ಅಥವಾ ಮಂಜುಗಡ್ಡೆ ಇರುವಾಗ ಆ ಟಯರ್ ಕಾನೂನಿನಂತೆ ಕಡ್ಡಾಯ. ಅನುವಾದಕ್ಕಾಗಿ ಲೈಸೆನ್ಸಿನ ಎರಡೂ ಬದಿಯ ಸ್ಪಷ್ಟ ಪ್ರತಿಯನ್ನು ಈಗಲೇ ಸಿದ್ಧಪಡಿಸಿಟ್ಟುಕೊಳ್ಳಿ. ಕಣ್ಣಿನ ಪರೀಕ್ಷೆ ಮತ್ತು ಪ್ರಥಮ ಚಿಕಿತ್ಸೆಯ ಒಂದು ದಿನದ ತರಬೇತಿಯನ್ನು ಇಲ್ಲಿಗೆ ಬಂದ ಮೇಲೆ ಮಾಡಿಕೊಳ್ಳಬಹುದು. ಆದರೆ ಪರೀಕ್ಷೆಗೆ ಅರ್ಜಿ ಹಾಕುವುದನ್ನು ಐದನೆಯ ತಿಂಗಳವರೆಗೆ ಮುಂದೂಡಬೇಡಿ, ಏಕೆಂದರೆ ಲೈಸೆನ್ಸ್ ಕಚೇರಿಯ ಅನುಮತಿ ಬರಲು ಸಾಮಾನ್ಯವಾಗಿ ವಾರಗಳೇ ಹಿಡಿಯುತ್ತವೆ.