ಬಾಯ್ಲರ್ ಹೆಲ್ಪರ್ ಆಗ್ಲಾ, ಬಿಲ್ಡಿಂಗ್ ಮೇಂಟೆನೆನ್ಸ್‌ಗೆ ಹೋಗ್ಲಾ? ಮೊದ್ಲ ಲೆಟರ್‌ಹೆಡ್ ಯಾರ್ದು ಕೇಳ್ರಿ

ಐಟಿಐ ಫಿಟ್ಟರ್ ಮುಗ್ಸೀರಿ, ಪುಣೆ ಕಡೆ ಚಾಕಣದಾಗ ಬಾಯ್ಲರ್ ಹೆಲ್ಪರ್ ಕೆಲಸ ಐತಿ ಪಗಾರ 2 ಸಾವಿರ ಹೆಚ್ಚು, ಹಿಂಜವಡಿಯಾಗ ಐಟಿ ಬಿಲ್ಡಿಂಗ್ ಮೇಂಟೆನೆನ್ಸ್ ಐತಿ ಎಸಿಯೊಳಗ ಕೆಲಸ, ಮನ್ಯಾಗ ಬಾಯ್ಲರ್ ಅಂದ್ರ ಹೆದರ್ತಾರ, ಯಾವುದಕ್ಕ ಹೋಗ್ಲಿ ಅಂತ ಕೇಳೀರಿ. ನಾ ಎರಡೂ ಮಾಡೀನ್ರಿ, ಎರಡರಾಗೂ ಒಂದ ಕಡೆ ಪೆಟ್ಟ ತಿಂದೀನಿ.

ನಂದು ಮುಧೋಳ ಕಡೆ. ಸುತ್ತ ಸಕ್ಕರಿ ಫ್ಯಾಕ್ಟರಿ, ಬಾಯ್ಲರ್ ಅನ್ನೋ ಶಬ್ದ ಸಣ್ಣಾಂವ ಇದ್ದಾಗಿಂದ ಕೇಳೀನಿ. ಆದ್ರ ಅದು ಸೀಸನ್ ಕೆಲಸ, ಕಬ್ಬು ಮುಗೀತಂದ್ರ ಮನಿಗೆ. ಕಾಕಾನ ಮಗ ಭೋಸರಿಯಾಗ ಇದ್ದ, ಬಾ ಅಂದ, ಬಂದೆ. ರಬ್ಬರ್ ಪಾರ್ಟ್ಸ್ ಮಾಡೋ ಒಂದು ಫ್ಯಾಕ್ಟರಿ, ಪ್ರೆಸ್‌ಗಳಿಗೆ ಸ್ಟೀಮ್ ಬೇಕು, ಅದಕ್ಕ ತಾಸಿಗೆ 2 ಟನ್ ಸ್ಟೀಮ್ ಕೊಡೋ ಸ್ಮೋಕ್ ಟ್ಯೂಬ್ ಬಾಯ್ಲರ್ (ಟ್ಯೂಬಿನ ಒಳಗ ಬಿಸಿ ಹೊಗಿ, ಹೊರಗ ನೀರು), ಫರ್ನೇಸ್ ಆಯಿಲ್ ಮ್ಯಾಲ ನಡೀತಿತ್ತು. ನಾ ಹೆಲ್ಪರ್. ಹೆಸರಿಗಷ್ಟ ಹೆಲ್ಪರ್ ರಿ, ಮೂರು ತಿಂಗಳಾದ ಮ್ಯಾಲ ನೈಟ್ ಶಿಫ್ಟ್ ಪೂರಾ ನಂದ. ಶಿಫ್ಟ್ ಶುರು ಆದ ಕೂಡ್ಲೆ ಗೇಜ್ ಗ್ಲಾಸ್ ಬ್ಲೋ ಮಾಡಿ ನೀರಿನ ಲೆವೆಲ್ ಖರೆ ಐತಿಲ್ಲೋ ನೋಡೋದು, ಬ್ಲೋಡೌನ್ ಕೊಡೋದು ಅಂದ್ರ ತಳದ ಹೊಲಸು ನೀರು ಹೊರಗ ಬಿಡೋದು, ನೀರು ಮೆತ್ತಗ ಮಾಡೋ ಸಾಫ್ಟನರ್‌ಗೆ ಉಪ್ಪು ಹಾಕಿ ಅದನ್ನ ಮತ್ತ ತಯಾರು ಮಾಡೋದು, ಬರ್ನರ್ ನಾಝಲ್ ತೊಳಿಯೋದು, ತಾಸಿಗೊಮ್ಮೆ ಲಾಗ್‌ಬುಕ್‌ನ್ಯಾಗ ಪ್ರೆಶರ್, ಫೀಡ್ ವಾಟರ್ ಟೆಂಪರೇಚರ್, ಚಿಮಣಿ ಟೆಂಪರೇಚರ್ ಬರಿಯೋದು. ಚಿಮಣಿ ಟೆಂಪರೇಚರ್ ದಿನಾ ಸ್ವಲ್ಪ ಸ್ವಲ್ಪ ಏರಾಕತ್ತು ಅಂದ್ರ ಟ್ಯೂಬಿನ್ಯಾಗ ಮಸಿ ಕುಂತೈತಿ, ಇಲ್ಲಾ ನೀರಿನ ಕಡೆ ಸ್ಕೇಲ್ ಅಂದ್ರ ಉಪ್ಪಿನ ಪದರ ಹಿಡದೈತಿ ಅಂತ ನಂಗ ಯಾರೂ ಹೇಳಿಕೊಡಲಿಲ್ಲ, ಲಾಗ್‌ಬುಕ್ ಬರ್ದು ಬರ್ದು ನಾನ ತಿಳ್ಕೊಂಡೆ.

ಸೆಕೆಂಡ್ ಕ್ಲಾಸ್ ಅಟೆಂಡೆಂಟ್ ಸರ್ಟಿಫಿಕೇಟ್, ಅಂದ್ರ ಬಾಯ್ಲರ್ ನಡಸಾಕ ಸರ್ಕಾರಿ ಪರೀಕ್ಷೆ ಪಾಸಾದ ಕಾಗದ, ಇದ್ದಾಂವ ಇನ್ನೊಬ್ಬ ಇದ್ದ, ಅವನ ಸರ್ಟಿಫಿಕೇಟ್ ಫ್ರೇಮ್ ಹಾಕಿ ಗ್ವಾಡಿಗೆ ತೂಗಹಾಕಿದ್ರು. ಹಗಲಿಗೊಮ್ಮೆ ಬಂದು ಸಹಿ ಮಾಡಿ ಹೋಗ್ತಿದ್ದ. ಅವನ ಪಗಾರ ನನ್ನ ಎರಡು ಪಟ್ಟು. ನಾನೂ ಪರೀಕ್ಷೆ ಕಟ್ತೀನಿ, ಏನ ಮಹಾ ಅಂತ ಅನ್ಕೊಂಡಿದ್ದೆ.

ಇಲ್ಲೆ ನನ್ನ ತಪ್ಪು. ಪರೀಕ್ಷೆ ಫಾರ್ಮ್ ಜೊತಿ ಸರ್ವಿಸ್ ಸರ್ಟಿಫಿಕೇಟ್ ಹಚ್ಚಬೇಕು. ಯಾವ ಬಾಯ್ಲರ್ ಮ್ಯಾಲ, ಎಂದಿನಿಂದ ಎಂದಿನ ತನಕ, ಯಾವ ಕೆಲಸ ಮಾಡೀರಿ ಅಂತ ಬಾಯ್ಲರ್ ಮಾಲಕರು ಬರದು ಕೊಡಬೇಕು, ಅದರಾಗ ಬಾಯ್ಲರ್‌ಗೆ ಸರ್ಕಾರ ಕೊಟ್ಟ ರಿಜಿಸ್ಟ್ರಿ ನಂಬರ್ ಇರಬೇಕು. ಮಾಲಕರು ಅಂದ್ರ ಫ್ಯಾಕ್ಟರಿ ರಿ, ನಮಗ ಪಗಾರ ಕೊಡೋ ಕಾಂಟ್ರ್ಯಾಕ್ಟರ್ ಅಲ್ಲ. ನಾ ಇದ್ದಿದ್ದು ಲೇಬರ್ ಕಾಂಟ್ರ್ಯಾಕ್ಟರ್ ಕೆಳಗ. ನನ್ನ ಗೇಟ್‌ಪಾಸ್ ಅವಂದು, ಹಾಜರಿ ಮಸ್ಟರ್ ಅವಂದು, ಪಿಎಫ್ ಪಾಸ್‌ಬುಕ್‌ನ್ಯಾಗ ಹೆಸರು ಅವಂದು, ಅದರಾಗೂ ಅವನ ಧಂದೆ ಹೌಸ್‌ಕೀಪಿಂಗ್ ಅಂತ. ಕಾಗದದ ಪ್ರಕಾರ ನಾ ಅಷ್ಟು ವರ್ಷ ಭೋಸರಿಯಾಗ ಕಸಾ ಹೊಡದೀನಿ. ಲಾಗ್‌ಬುಕ್ ತುಂಬ ನನ್ನ ಅಕ್ಷರ ಖರೆ, ಆದ್ರ ಕೆಳಗ ಸಹಿ ಸರ್ಟಿಫಿಕೇಟ್ ಇದ್ದಾಂವಂದು. ಪ್ಲಾಂಟ್ ಇಂಜಿನಿಯರ್ ಒಳ್ಳೆ ಮನುಷ್ಯ, ನನ್ನ ಕೆಲಸ ಕಣ್ಣಾರೆ ನೋಡ್ಯಾರ, ನೌಕರಿಯಾಗ ಇದ್ದಾಗ ಕೇಳಿದ್ರ ಲೆಟರ್‌ಹೆಡ್ ಮ್ಯಾಲ ಟೈಪ್ ಮಾಡಿಸಿ ಸಹಿ ಸಿಕ್ಕಾ ಹಾಕಿ ಕೊಡ್ತಿದ್ರು. ನಾ ಕೇಳಲಿಲ್ಲ. ಫಾರ್ಮ್ ತುಂಬೋವಾಗ ತಗೊಂಡ್ರಾತು ಅಂತ ಬಿಟ್ಟೆ. ಆಮ್ಯಾಲ ಊರ ಜಾತ್ರಿಗೆ ರಜಾ ಕೊಡಲಿಲ್ಲ ಅಂತ ಕಾಂಟ್ರ್ಯಾಕ್ಟರ್ ಸೂಪರ್‌ವೈಸರ್ ಜೊತಿ ಜಗಳಾಡಿ, ಹೋಗಲೇ ನಿನ್ನ ಕೆಲಸ ಅಂತ ಬಂದಬಿಟ್ಟೆ. ಜಾತ್ರಿ ಮುಗಿಸಿ ತಿರುಗಿ ಬಂದು ಕೇಳಿದ್ರ ಆ ಇಂಜಿನಿಯರ್ ಬ್ಯಾರೆ ಕಂಪನಿಗೆ ಹೋಗಿದ್ರು, ಎಚ್‌ಆರ್ ಹುಡುಗಿ ಕಂಪ್ಯೂಟರ್ ನೋಡಿ ನಿಮ್ಮ ಹೆಸರ ನಮ್ಮ ಹತ್ರ ಇಲ್ಲ ಅಂದ್ಲು, ಕಾಂಟ್ರ್ಯಾಕ್ಟರ್ ಅಂತೂ ಫೋನೂ ಎತ್ತಲಿಲ್ಲ. ಬಾಯ್ಲರ್ ಆಫೀಸ್‌ನ್ಯಾಗ ಪಿಎಫ್ ಪಾಸ್‌ಬುಕ್ ತೋರಿಸಿದೆ, ಅವರು ನಗಲಿಲ್ಲ ಅನ್ನೋದ ದೊಡ್ಡದು.

ರೂಮ್ ಬಾಡಿಗಿ ಕಟ್ಟಬೇಕಲ್ಲ, ಖರಾಡಿಯಾಗ ಒಂದು ದೊಡ್ಡ ಹೋಟೆಲ್‌ನ ಮೇಂಟೆನೆನ್ಸ್‌ಗೆ ಸೇರಿದೆ. ಅಲ್ಲೂ ಬೇಸ್‌ಮೆಂಟ್‌ನ್ಯಾಗ ಹಾಟ್ ವಾಟರ್ ಜನರೇಟರ್ ಇತ್ತು, ಲಾಂಡ್ರಿಗೆ ಸಣ್ಣ ಕಾಯಿಲ್ ಟೈಪ್ ಸ್ಟೀಮ್ ಮಷೀನ್ ಇತ್ತು, ಇದರ ಮ್ಯಾಲರ ಅನುಭವ ಹಿಡೀತಾರ ಅಂತ ಖುಷಿ ಪಟ್ಟೆ. ಅದೂ ಇಲ್ರಿ. 25 ಲೀಟರ್‌ಗಿಂತ ಕಡಿಮಿ ನೀರು ಹಿಡಿಯೋದು, 100 ಡಿಗ್ರಿಗಿಂತ ಕೆಳಗ ನೀರು ಕಾಯಿಸೋದು ಬಾಯ್ಲರ್ ಕಾಯ್ದೆಯಾಗ ಬರೋದ ಇಲ್ಲ, ನಾನ್-ಐಬಿಆರ್ ಅಂತಾರ, ಐಬಿಆರ್ ಅಂದ್ರ ಇಂಡಿಯನ್ ಬಾಯ್ಲರ್ ರೆಗ್ಯುಲೇಶನ್ಸ್. ತಪಾಸಣಿ ತಲಿಬ್ಯಾನಿ ಬ್ಯಾಡ ಅಂತ ಭಾಳ ಮಂದಿ ಬೇಕಂತ ಅದನ್ನ ಹಾಕಿಸ್ತಾರ. 2025ರಾಗ 1923ರ ಹಳೇ ಕಾಯ್ದೆ ತಗದು ಹೊಸಾದು ತಂದ್ರೂ ಈ ಗೆರಿ ಹಂಗ ಐತಿ, ಸರ್ಟಿಫಿಕೇಟ್ ಇದ್ದಾಂವನ ಬಾಯ್ಲರ್ ನಡಸಬೇಕು ಅನ್ನೋದೂ ಹಂಗ ಐತಿ.

ಕಡೀಕ ತಳೇಗಾಂವ್‌ನ್ಯಾಗ ಮತ್ತ ಹೆಲ್ಪರ್ ಆಗಿ ಮೊದಲಿಂದ ಶುರು ಮಾಡಿದೆ. ನನಗಿಂತ ಸಣ್ಣ ಹುಡುಗೂರು ಮಾಮಾ ಚಾ ತರ್ರಿ ಅಂತಿದ್ರು. ಈ ಸಲ ಕಂಪನಿ ರೋಲ್ ಮ್ಯಾಲ, ಕಾಂಟ್ರ್ಯಾಕ್ಟರ್ ಕೆಳಗ ಅಲ್ಲ. ಅಲ್ಲಿಂದ ಸೆಕೆಂಡ್ ಕ್ಲಾಸ್ ಪಾಸಾದೆ, ಆಮ್ಯಾಲ ಫಸ್ಟ್ ಕ್ಲಾಸ್. ಓರಲ್ ಪರೀಕ್ಷೆಯಾಗ ಮೊದಲನೇ ಪ್ರಶ್ನಿ, ಗೇಜ್ ಗ್ಲಾಸ್‌ನ್ಯಾಗ ನೀರ ಕಾಣವಲ್ದು, ಏನ ಮಾಡ್ತಿ? ಪಂಪ್ ಚಾಲು ಮಾಡ್ತೀನಿ ಅಂದಾಂವ ಅಲ್ಲೇ ಫೇಲ್. ಬೆಂಕಿ ಮೊದ್ಲ ಬಂದ್ ಮಾಡಬೇಕು, ಕೆಂಪಗ ಕಾದ ಟ್ಯೂಬಿನ ಮ್ಯಾಲ ತಣ್ಣೀರು ಬಿಡಬಾರ್ದು, ಬಿಟ್ರ ಒಮ್ಮೆಲೆ ಸ್ಟೀಮ್ ಆಗಿ ಬಾಯ್ಲರ್ ಹಾರ್ತೈತಿ. ಇದು ನಂಗ ಭೋಸರಿಯಾಗ ಇದ್ದಾಗಿಂದ ಗೊತ್ತಿತ್ತು.

ಅದಕ್ಕ ಬಾಯ್ಲರೋ ಬಿಲ್ಡಿಂಗೋ ಅಂತ ಕೇಳೋದ ತಪ್ಪು. 2 ಸಾವಿರ ಹೆಚ್ಚು ಅನ್ನೋದನ್ನ ಮರತಬಿಡ್ರಿ, ಪುಣೆಯಾಗ ಅದು ಮೆಸ್ ಬಿಲ್ಲಿಗೂ ಸಾಲೋದಿಲ್ಲ. ಚಾಕಣಕ್ಕ ಹೋಗಿ ಆಫರ್ ಲೆಟರ್ ಯಾರ ಹೆಸರಿನ್ಯಾಗ ಕೊಡ್ತಾರ ಕೇಳ್ರಿ. ಬಾಯ್ಲರ್ ಹತ್ರ ಹೋಗಿ ಮೈಮ್ಯಾಲ ಹೊಡದ ರಿಜಿಸ್ಟ್ರಿ ನಂಬರ್ ನೋಡ್ರಿ, ಮಹಾರಾಷ್ಟ್ರದ್ದು ಎಂಆರ್ ಅಂತ ಶುರು ಆಗ್ತೈತಿ. ನಂಬರ್ ಇಲ್ಲಂದ್ರ ಅದು ನಿಮ್ಮ ಪರೀಕ್ಷೆಗೆ ಉಪಯೋಗ ಇಲ್ಲ. ಕಾಂಟ್ರ್ಯಾಕ್ಟರ್ ಕೆಳಗ ಅಂದ್ರ, ಆರು ತಿಂಗಳಿಗೊಮ್ಮೆ ಫ್ಯಾಕ್ಟರಿ ಲೆಟರ್‌ಹೆಡ್ ಮ್ಯಾಲ ಸರ್ವಿಸ್ ಬರದು ಕೊಡ್ತೀರೇನು ಅಂತ ಸೇರೋಕ್ಕಿಂತ ಮೊದ್ಲ ಪ್ಲಾಂಟ್ ಇಂಜಿನಿಯರ್‌ನ್ನ ಕೇಳ್ರಿ. ಹೂಂ ಅಂದ್ರ ಕಣ್ಣಮುಚ್ಚಿ ಸೇರ್ರಿ. ನೋಡೋಣ ಅಂದ್ರ ಹಿಂಜವಡಿಗೂ ಹೋಗಬ್ಯಾಡ್ರಿ, ಬ್ಯಾರೆ ಬಾಯ್ಲರ್ ಹುಡುಕ್ರಿ. ಬಾಯ್ಲರ್ ಮಾಡೋ ಥರ್ಮ್ಯಾಕ್ಸ್, ಫೋರ್ಬ್ಸ್ ಮಾರ್ಷಲ್ ಎರಡೂ ಕಂಪನಿ ಇದ ಊರಿನವು, ಬಾಯ್ಲರ್ ಕೆಲಸಕ್ಕ ಪುಣೆಯಾಗ ಬರ ಇಲ್ಲ.

ಬಿಲ್ಡಿಂಗ್ ಬ್ಯಾಡ ಅಂತ ಯಾಕ ಅಂತೀನಂದ್ರ, ಅಲ್ಲಿ ಬಲ್ಬ್ ಬದಲ್ಸೋದು, ನಳ ರಿಪೇರಿ, ಎಸಿ ಗಾಳಿ ಬಿಡೋ ಎಎಚ್‌ಯು ಮಷೀನಿನ ಫಿಲ್ಟರ್ ತೊಳಿಯೋದು, ಹತ್ತು ವರ್ಷ ಆದ್ರೂ ಟೆಕ್ನಿಷಿಯನ್ ಟೆಕ್ನಿಷಿಯನ್ನೇ. ಎಲೆಕ್ಟ್ರಿಕಲ್ ಲೈಸೆನ್ಸ್ ಇದ್ದಾಂವ ಮ್ಯಾಲ ಹೋಗ್ತಾನ, ನಿಮ್ಮಂಥ ಫಿಟ್ಟರ್ ಅಲ್ಲೇ ನಿಲ್ತಾನ. ಯಾರರ ಬಂದು ಇಲ್ಲ ಅಂತ ಕಮೆಂಟ್ ಹಾಕ್ತಾರ, ಹಾಕ್ಲಿ.

ಇನ್ನ ಮನ್ಯಾಗ ಹೆದರ್ತಾರ ಅಂದಿರಲ್ಲ. ಬಾಯ್ಲರ್‌ಗೆ ಎರಡು ಸೇಫ್ಟಿ ವಾಲ್ವ್ ಇರ್ತಾವ, ಎರಡು ಗೇಜ್ ಗ್ಲಾಸ್ ಇರ್ತಾವ, ನೀರು ಕಡಿಮಿ ಆದ್ರ ಬರ್ನರ್ ತಾನ ಟ್ರಿಪ್ ಆಗ್ತೈತಿ, ವರ್ಷಕ್ಕೊಮ್ಮೆ ಇನ್‌ಸ್ಪೆಕ್ಷನ್ ಐತಿ. ಬಿಲ್ಡಿಂಗ್ ಎಸ್‌ಟಿಪಿ (ಗಟಾರ ನೀರು ಶುದ್ಧ ಮಾಡೋ) ಟ್ಯಾಂಕಿನ್ಯಾಗ ಇಳಿ ಅಂತ ಸೂಪರ್‌ವೈಸರ್ ಹೇಳಿದಾಗ ಏನ ಇರ್ತೈತಿ? ಒಳಗಿನ ಗ್ಯಾಸ್ ಕಣ್ಣಿಗೂ ಕಾಣಂಗಿಲ್ಲ, ಹೆಚ್ಚಾದ್ರ ವಾಸನಿನೂ ಗೊತ್ತಾಗಂಗಿಲ್ಲ, ಒಬ್ಬನ್ನ ಎತ್ತಾಕ ಹೋಗಿ ಇನ್ನೊಬ್ಬ ಸಾಯ್ತಾನ. ಮನಿಯವ್ರಿಗೆ ಅದನ್ನ ಹೇಳ್ರಿ. ಮತ್ತ ಚಾಕಣದ ಬಾಯ್ಲರ್ ನಂಬರ್ ಪ್ಲೇಟ್ ಫೋಟೋ ಸಿಕ್ರ ಇಲ್ಲೆ ಹಾಕ್ರಿ, ನೋಡಿ ಹೇಳ್ತೀನಿ, ಈ ವಾರ ನಂದು ನೈಟ್ ಶಿಫ್ಟ್, ಉತ್ತರ ರಾತ್ರಿನ ಬರ್ತೈತಿ.