ಮಲೇರಿಯಾ ಜ್ವರ ಬಿಟ್ಟಿದೆ, ಇನ್ನು ಗುಳಿಗೆ ಬಿಟ್ಟು ಕಷಾಯ ಕುಡಿದರೆ ಸಾಕಾ?

ನಿಮ್ಮ ತಂದೆಯವರಿಗೆ ವೈವಾಕ್ಸ್ ಎಂಬ ಬಗೆಯ ಮಲೇರಿಯಾ, ಮೂರು ದಿನಕ್ಕೆ ಜ್ವರ ಬಿಟ್ಟಿದೆ, ಈಗ "ಗುಳಿಗೆ ಉಷ್ಣ, ಇನ್ನು ಅಮೃತಬಳ್ಳಿ, ನೆಲಬೇವಿನ ಕಷಾಯ ಸಾಕು" ಅಂತ ಹಟ ಹಿಡಿದಿದ್ದಾರೆ ಎಂದು ಬರೆದಿದ್ದೀರಿ. ಸಾಕಾಗುವುದಿಲ್ಲ. ಅವರು ಗುಳಿಗೆ ನಿಲ್ಲಿಸದಂತೆ ನೋಡಿಕೊಳ್ಳಿ.

ನಾನು ಸಿಂಧನೂರು ಕಡೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ಎಡದಂಡೆ ಕಾಲುವೆಗೆ ನೀರು ಬಿಟ್ಟು ನೆಲ್ಲು ನಾಟಿ ಆಯಿತೆಂದರೆ ಚಳಿಜ್ವರ ಅಂತ ಬರುವವರು ಜಾಸ್ತಿ. ಮೊದಲಿನಷ್ಟು ಮಲೇರಿಯಾ ಈಗಿಲ್ಲ, ಆದರೂ ಹೋಗಿಲ್ಲ. ಬಂದವರಲ್ಲಿ ಎಷ್ಟೋ ಜನ "ನಿನ್ನೆ ಕಷಾಯ ಕುಡಿದೆ, ಇವತ್ತು ಆರಾಮ" ಅನ್ನುತ್ತಾರೆ. ಅವರದು ಸುಳ್ಳಲ್ಲ. ವೈವಾಕ್ಸ್ ಜ್ವರ ಸಾಮಾನ್ಯವಾಗಿ 48 ಗಂಟೆಗೊಮ್ಮೆ ಏರುತ್ತದೆ. ನಡುವಿನ ದಿನ ಏನೂ ಕುಡಿಯದಿದ್ದರೂ ಮೈ ಹಗುರವೇ. ಹೆಸರು ಮಾತ್ರ ಕಷಾಯಕ್ಕೆ ಬರುತ್ತದೆ. ಅದೇ ಆರಾಮದ ದಿನ ಅವರ ಬೆರಳು ಚುಚ್ಚಿ, ಹನಿ ರಕ್ತವನ್ನು ಸ್ಲೈಡಿಗೆ ಹಚ್ಚಿ, ಬಣ್ಣ ಹಾಕಿ ನೋಡಿದರೆ ರೋಗಾಣು ಕಾಣುತ್ತದೆ. ಅದು ಹೊಕ್ಕ ಕೆಂಪು ಕಣ ಪಕ್ಕದ ಕಣಗಳಿಗಿಂತ ಉಬ್ಬಿ ದೊಡ್ಡದಾಗಿರುತ್ತದೆ.

ಇನ್ನು ಗುಳಿಗೆ ವಿಷಯ. ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಜ್ವರ ಬಿಡುವುದು ಅದರಿಂದಲೇ. ಆದರೆ ವೈವಾಕ್ಸ್ ಲಿವರಿನಲ್ಲೂ ಅಡಗಿ ಮಲಗಿರುತ್ತದೆ. ಅದಕ್ಕೇ 14 ದಿನದ ಪ್ರೈಮಾಕ್ವಿನ್. ಅರ್ಧಕ್ಕೆ ಬಿಟ್ಟರೆ ಕೆಲವು ತಿಂಗಳ ಮೇಲೆ, ಹೊಸ ಸೊಳ್ಳೆ ಕಚ್ಚದೆಯೇ, ಅದೇ ಜ್ವರ ಮರಳಿ ಬರಬಹುದು.

ಗಿಡಮೂಲಿಕೆ ಅಂದರೆ ನನಗೆ ತಾತ್ಸಾರವಿಲ್ಲ. 1820ರಲ್ಲಿ ಮಲೇರಿಯಾದ ಹಳೆಯ ಔಷಧ ಕ್ವಿನೈನ್ ತೆಗೆದದ್ದು ಸಿಂಕೋನಾ ತೊಗಟೆಯಿಂದಲೇ. ಮಲೇರಿಯಾದ ಇನ್ನೊಂದು ಔಷಧ ಆರ್ಟಿಮಿಸಿನಿನ್ ಕೂಡ ಗಿಡದ್ದು. ಚೀನಾದ ತು ಯುಯು ಹಳೆಯ ವೈದ್ಯಗ್ರಂಥ ಓದಿ, ಆ ಗಿಡವನ್ನು ಕುದಿಸಿದರೆ ಗುಣ ಕೆಡುತ್ತದೆ ಎಂದು ಊಹಿಸಿ, ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದರು. 2015ರಲ್ಲಿ ನೊಬೆಲ್ ಬಂತು. ಅಂದರೆ ಗಿಡದಲ್ಲಿ ಔಷಧ ಇದ್ದರೂ ಒಲೆ ಮೇಲೆ ಕುದಿಸಿದ ಲೋಟದಲ್ಲಿ ಅದು ಎಷ್ಟು ಉಳಿಯಿತು ಎಂದು ಹೇಳಲಾಗದು. ಮಲೇರಿಯಾಕ್ಕೆಂದೇ ಸರ್ಕಾರಿ ಆಯುರ್ವೇದ ಸಂಶೋಧನಾ ಸಂಸ್ಥೆ ಮಾಡಿದ ಆಯುಷ್-64 ಇದೆಯಲ್ಲ, ವೈವಾಕ್ಸ್ ರೋಗಿಗಳಲ್ಲಿ ಕ್ಲೋರೋಕ್ವಿನ್ ಜೊತೆ ಹೋಲಿಸಿದಾಗ ಅದು ಸುಮಾರು ಅರ್ಧದಷ್ಟು ಜನರಿಗಷ್ಟೇ ಕೆಲಸ ಮಾಡಿತು. ಅಳತೆ ಮಾಡಿ ತಯಾರಿಸಿದ ಔಷಧದ ಕಥೆಯೇ ಇದು.

ಪ್ರೈಮಾಕ್ವಿನ್ ಖಾಲಿ ಹೊಟ್ಟೆಗೆ ಬೇಡ, ಊಟದ ಮೇಲೆ ಕೊಡಿ. ಅವರು ಉಷ್ಣ ಅನ್ನುವ ಹೊಟ್ಟೆ ಸಂಕಟ ಎಷ್ಟೋ ಕಡಿಮೆಯಾಗುತ್ತದೆ. ಕೆಂಪು ರಕ್ತಕಣವನ್ನು ಕಾಪಾಡುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ಈ ಗುಳಿಗೆಯಿಂದ ರಕ್ತಕಣ ಒಡೆಯುತ್ತದೆ, ಹಾಗಾಗಿ ಆ ಪರೀಕ್ಷೆ ಆಗಿದೆಯಾ ಎಂದು ಡಾಕ್ಟರನ್ನು ಕೇಳಿ. ಮೂತ್ರ ಕಪ್ಪಗಾದರೆ, ಕಣ್ಣು ಹಳದಿಯಾದರೆ ಗುಳಿಗೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ. ಅಮೃತಬಳ್ಳಿಯಿಂದ ಕೆಲವರಿಗೆ ಲಿವರಿಗೆ ಪೆಟ್ಟು ಬಿದ್ದದ್ದು ಕೊರೊನಾ ಕಾಲದಲ್ಲಿ ಮುಂಬೈ ವೈದ್ಯರ ಗಮನಕ್ಕೆ ಬಂದಿತ್ತು. ಕೋರ್ಸ್ ಮುಗಿಯುವವರೆಗೆ ಅದು ಬೇಡ.

ಮನೆಯಲ್ಲಿ ಬೇರೆಯವರಿಗೆ ಚಳಿಜ್ವರ ಬಂದರೆ ತಂದೆಯವರ ಗುಳಿಗೆ ಹಂಚಬೇಡಿ. ಗರ್ಭಿಣಿಯರಿಗೆ ಪ್ರೈಮಾಕ್ವಿನ್ ಕೊಡುವಂತೆಯೇ ಇಲ್ಲ. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೂ ಆಗುತ್ತದೆ.